ಹಠ ಎಂದು ಬರೆಯದೆ ಕಂಡದ್ದನ್ನು ಬರೆದಾಗ

ಹುಬ್ಬಳ್ಳಿಯ ಅಂಚಿನ ಒಂದು ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ತರಗತಿಯ ಹುಡುಗನೊಬ್ಬ ವಾರಕ್ಕೆ ಮೂರು ನಾಲ್ಕು ಸಲ ಪಕ್ಕದಲ್ಲಿ ಕುಳಿತವರ ಮುಂಗೈ ಕಚ್ಚುತ್ತಿದ್ದ. ಇತರರೊಂದಿಗಿನ ಸಂವಹನವೂ ಇಂದ್ರಿಯಗಳ ಅನುಭವವೂ ಭಿನ್ನವಾಗಿರುವ ಆಟಿಸಂ ಇದೆಯೆಂದು ಅವನ ಕಾಗದಪತ್ರಗಳಲ್ಲಿ ಬರೆದಿತ್ತು. ಮಾತು ಎಂಟು ಹತ್ತು ಶಬ್ದಗಳನ್ನು ದಾಟಿರಲಿಲ್ಲ. ತರಗತಿಯ ಶಿಕ್ಷಕಿ ನನ್ನನ್ನು ಕರೆಸಿಕೊಂಡು ಹೇಳಿದ ಮೊದಲ ಮಾತು, “ಏನೂ ಕಾರಣ ಇರೂದಿಲ್ರಿ, ಕುಂತಾಂವ ಕುಂತಂಗ ಒಮ್ಮೆಲೆ ಕಚ್ಚತಾನ. ಹಠ ಭಾಳ ಐತ್ರಿ ಅವಂಗ.” ವಿಶೇಷ ಶಿಕ್ಷಣದ ಕೆಲಸದಲ್ಲಿರುವ ಯಾರಿಗೂ ಈ ಮಾತು ಹೊಸದಲ್ಲ. ನಾನು ಅವರ ಮಾತನ್ನು ಅಲ್ಲಗಳೆಯಲು ಹೋಗದೆ, ನೂರು ಪುಟದ ಒಂದು ನೋಟ್‌ಬುಕ್ಕನ್ನು ಕೊಟ್ಟು, ಎರಡು ವಾರದ ಮಟ್ಟಿಗೆ ಅವನು ಕಚ್ಚಿದಾಗಲೆಲ್ಲ ಗಂಟೆ ಎಷ್ಟಾಗಿತ್ತು, ಅದಕ್ಕಿಂತ ಮುಂಚಿನ ಐದು ನಿಮಿಷದಲ್ಲಿ ಕೋಣೆಯಲ್ಲೂ ಹೊರಗೂ ಏನು ನಡೆದಿತ್ತು, ಕಚ್ಚಿದ ಮೇಲೆ ಯಾರು ಏನು ಮಾಡಿದರು ಎಂಬುದನ್ನಷ್ಟೇ ಬರೆಯಿರಿ ಎಂದು ಕೇಳಿಕೊಂಡೆ. ‘ಹಠ’, ‘ಸಿಟ್ಟು’, ‘ಬೇಕಂತಲೇ’ ಎಂಬ ಮೂರು ಶಬ್ದಗಳು ಮಾತ್ರ ಆ ಪುಸ್ತಕದಲ್ಲಿ ಬರಬಾರದೆಂಬುದು ನನ್ನ ಒಂದೇ ಕರಾರು.

ಎರಡು ವಾರದಲ್ಲಿ ಏಳು ಘಟನೆಗಳು ದಾಖಲಾದವು. ಏಳರಲ್ಲಿ ಆರು, ಬಿಸಿಯೂಟಕ್ಕೆ ಹತ್ತು ಹದಿನೈದು ನಿಮಿಷ ಮುಂಚಿತವಾಗಿ ನಡೆದಿದ್ದವು. ಆ ಹೊತ್ತಿಗೆ ಅಡುಗೆಯವರು ಸ್ಟೀಲ್ ತಟ್ಟೆಗಳ ದೊಡ್ಡ ಬುಟ್ಟಿಯನ್ನು ಪಡಸಾಲೆಯ ಫರಸಿಕಲ್ಲಿನ ಮೇಲೆ ಎಳೆದು ತಂದು, ತಟ್ಟೆಗಳನ್ನು ಒಂದೊಂದಾಗಿ ಬಿಡಿಸಿ ಸಾಲಾಗಿ ಇಡುತ್ತಿದ್ದರು. ಉಳಿದ ಮಕ್ಕಳಿಗೆ ಅದು ಊಟ ಬಂತೆಂಬ ಸಿಹಿ ಸುದ್ದಿ. ಈ ಹುಡುಗನಿಗೆ ಅದು ಕಿವಿಯೊಳಗೆ ಸಲಾಕೆ ಆಡಿಸಿದಂಥ ಯಾತನೆ. ‘ನಂತರ ಏನಾಯಿತು’ ಎಂಬ ಕಾಲಮ್ಮಿನಲ್ಲಿ ಆರೂ ಸಲ ಒಂದೇ ಸಾಲು ಬರೆದಿತ್ತು: ‘ಹೆಡ್‌ಮಾಸ್ತರ ಕೋಣೆಗೆ ಕಳಿಸಿದೆ.’ ಹೆಡ್‌ಮಾಸ್ತರ ಕೋಣೆ ಕಟ್ಟಡದ ಇನ್ನೊಂದು ತುದಿಯಲ್ಲಿದೆ, ಬಾಗಿಲು ಮುಚ್ಚಿರುತ್ತದೆ, ಅಲ್ಲಿಗೆ ತಟ್ಟೆಯ ಸದ್ದು ಮುಟ್ಟುವುದಿಲ್ಲ. ನಾವು ಶಿಕ್ಷೆಯೆಂದು ಕೊಟ್ಟದ್ದು ಅವನ ಪಾಲಿಗೆ ಬಿಡುಗಡೆಯಾಗಿತ್ತು, ಮತ್ತು ಆ ಬಿಡುಗಡೆಯನ್ನು ಪಡೆಯಲು ಅವನಿಗೆ ಗೊತ್ತಿದ್ದ ಒಂದೇ ದಾರಿ ಕಚ್ಚುವುದಾಗಿತ್ತು. ಏಳನೆಯ ಘಟನೆ ಮಾತ್ರ ಒಂದು ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ನಡೆದಿತ್ತು. ವಿಚಾರಿಸಿದಾಗ, ಹಿಂದಿನ ರಾತ್ರಿ ಅವನು ಮೂರು ತಾಸು ಕೂಡ ಮಲಗಿರಲಿಲ್ಲವೆಂದು ಅವರ ಅವ್ವ ಹೇಳಿದರು.

ಇಂಥ ವರ್ತನೆಗಳಿಗೆ ‘ಸವಾಲಿನ ವರ್ತನೆ’ ಎಂಬ ಹೆಸರಿದೆ. ತನ್ನನ್ನು ತಾನೇ ಹೊಡೆದುಕೊಳ್ಳುವುದು, ಗೋಡೆಗೆ ತಲೆ ಬಡಿದುಕೊಳ್ಳುವುದು, ಇತರರನ್ನು ಕಚ್ಚುವುದು ಪರಚುವುದು, ಸಾಮಾನು ಎಸೆಯುವುದು, ಇದ್ದಕ್ಕಿದ್ದಂತೆ ರಸ್ತೆಗೆ ಓಡುವುದು, ತಿನ್ನಬಾರದ್ದನ್ನು ತಿನ್ನುವುದು ಇದರಲ್ಲಿ ಸೇರುತ್ತವೆ. 1980ರ ದಶಕದಲ್ಲಿ ‘ಸಮಸ್ಯೆಯ ವರ್ತನೆ’ ಎಂಬ ಹಳೆಯ ಮಾತನ್ನು ಬಿಟ್ಟು ಈ ಮಾತನ್ನು ಬಳಕೆಗೆ ತಂದವರ ಉದ್ದೇಶ, ಸವಾಲು ಮಗುವಿನ ಒಳಗಿಲ್ಲ, ಅದನ್ನು ನೋಡಿಕೊಳ್ಳುವ ನಮ್ಮ ಮುಂದಿದೆ ಎಂದು ನೆನಪಿಸುವುದಾಗಿತ್ತು. ಕಾಲ ಕಳೆದಂತೆ ಆ ಉದ್ದೇಶ ಸವೆದುಹೋಗಿ, ‘ಅದು ಚಾಲೆಂಜಿಂಗ್ ಕೇಸ್ ಐತಿ’ ಎಂದು ಮಗುವನ್ನೇ ಬೊಟ್ಟು ಮಾಡಿ ತೋರಿಸುವ ಮಟ್ಟಿಗೆ ಈ ಮಾತೂ ಬಂದು ನಿಂತಿರುವುದು ಬೇರೆ ವಿಷಯ.

ಕಚ್ಚುವುದಾಗಲಿ ಹೊಡೆಯುವುದಾಗಲಿ ಆಟಿಸಂನ ಲಕ್ಷಣವಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಇತರರೊಂದಿಗೆ ಸಂವಹನ ನಡೆಸುವ ಬಗೆಯಲ್ಲಿ ಭಿನ್ನತೆ, ಒಂದೇ ಕ್ರಮ ಒಂದೇ ಆಸಕ್ತಿಯನ್ನು ಹಿಡಿದುಕೊಳ್ಳುವ ಸ್ವಭಾವ, ಸದ್ದು ಬೆಳಕು ಸ್ಪರ್ಶ ವಾಸನೆಗಳನ್ನು ವಿಪರೀತ ತೀವ್ರವಾಗಿ ಅಥವಾ ವಿಪರೀತ ಮಂದವಾಗಿ ಅನುಭವಿಸುವ ಇಂದ್ರಿಯಗಳು, ಇವು ಅದರ ಲಕ್ಷಣಗಳು. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ 11 ಮಕ್ಕಳನ್ನು ಕುರಿತು ಬರೆದ ಮೊದಲ ವರದಿಯಲ್ಲೇ, ಲಿಫ್ಟು, ವ್ಯಾಕ್ಯೂಮ್ ಕ್ಲೀನರ್, ಹರಿಯುವ ನೀರು, ಮೊಟ್ಟೆ ಕಡೆಯುವ ಸಲಕರಣೆ, ಕೊನೆಗೆ ಬೀಸುವ ಗಾಳಿಯ ಸದ್ದಿಗೂ ಆ ಮಕ್ಕಳು ದಿಗಿಲುಬೀಳುತ್ತಿದ್ದುದನ್ನು ದಾಖಲಿಸಿದ್ದರು. ಆದರೂ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇಂದ್ರಿಯಗಳ ಈ ವೈಪರೀತ್ಯ ಆಟಿಸಂ ಗುರುತಿಸುವ ಲಕ್ಷಣಗಳ ಸಾಲಿಗೆ ಸೇರಿದ್ದು 2013ರ ಐದನೆಯ ಆವೃತ್ತಿಯಲ್ಲಿ, ಅಂದರೆ ಸರಿಯಾಗಿ 70 ವರ್ಷಗಳ ನಂತರ. ಹೇಳಲು ಮಾತಿಲ್ಲದ ಮಗುವಿಗೆ ತಡೆಯಲಾಗದ ಸದ್ದು ಎದುರಾದಾಗ ಏನಾದೀತೆಂದು ಊಹಿಸಲು ಕೈಪಿಡಿ ಬೇಕಾಗಿಲ್ಲ, ನಿಜ; ಆದರೆ ಊಹಿಸುವ ಗೋಜಿಗೆ ನಾವು ಹೋಗುವುದು ಕಡಿಮೆ, ಏಕೆಂದರೆ ‘ಹಠ’ ಎಂಬ ಸಿದ್ಧ ತೀರ್ಪು ಬಾಯಲ್ಲಿ ಇದ್ದೇ ಇರುತ್ತದೆ.

ಬೇರೆ ಬೇರೆ ಸನ್ನಿವೇಶಗಳನ್ನು ಬೇಕೆಂದೇ ಏರ್ಪಡಿಸಿ, ಯಾವ ಸನ್ನಿವೇಶದಲ್ಲಿ ವರ್ತನೆ ಹೆಚ್ಚುತ್ತದೆಂದು ಎಣಿಸಿ ನೋಡುವ ಕ್ರಮವನ್ನು ಅಮೆರಿಕದ ಮನೋವಿಜ್ಞಾನಿ ಬ್ರಯಾನ್ ಇವಾಟಾ ಮತ್ತು ಅವರ ಸಹೋದ್ಯೋಗಿಗಳು 1982ರಲ್ಲಿ ಪ್ರಕಟಿಸಿದರು. ಬೆಳವಣಿಗೆಯಲ್ಲಿ ಹಿಂದುಳಿದು ತಮ್ಮನ್ನು ತಾವೇ ಗಾಯಗೊಳಿಸಿಕೊಳ್ಳುತ್ತಿದ್ದ 9 ಜನರನ್ನು ಅವರು ನೋಡಿದರು. ಆರು ಜನರಲ್ಲಿ ಆ ವರ್ತನೆ ಒಂದು ನಿರ್ದಿಷ್ಟ ಸನ್ನಿವೇಶದಲ್ಲೇ ಮತ್ತೆ ಮತ್ತೆ ಹೆಚ್ಚಾಗುತ್ತಿತ್ತು, ಮತ್ತು ಆ ಸನ್ನಿವೇಶ ಎಲ್ಲರಲ್ಲೂ ಒಂದೇ ಆಗಿರಲಿಲ್ಲ. ನೋಡಲು ಒಂದೇ ತೆರನಾದ ವರ್ತನೆ ಒಂದು ಮಗುವಿಗೆ ಕಷ್ಟದ ಕೆಲಸದಿಂದ ಅಥವಾ ಸದ್ದಿನಿಂದ ಪಾರಾಗುವ ದಾರಿ, ಇನ್ನೊಂದಕ್ಕೆ ದೊಡ್ಡವರ ಗಮನ ಸೆಳೆಯುವ ದಾರಿ, ಮತ್ತೊಂದಕ್ಕೆ ಬೇಕಾದ ವಸ್ತು ಪಡೆಯುವ ದಾರಿ. ಕೆಲವರಿಗೆ ಬೇರೆ ಯಾರೂ ಇಲ್ಲದಾಗಲೂ ದೇಹಕ್ಕೆ ಅದು ಕೊಡುವ ಅನುಭವವೇ ಬೇಕಾಗಿರುತ್ತದೆ. ಒಂದೇ ಮಗುವಿನಲ್ಲಿ ಶಾಲೆಯ ಕಚ್ಚುವಿಕೆಗೂ ಮನೆಯ ಕಚ್ಚುವಿಕೆಗೂ ಬೇರೆ ಬೇರೆ ಕಾರಣ ಇರುವುದೂ ಉಂಟು. ಆದ್ದರಿಂದ ‘ಕಚ್ಚುವ ಮಗುವಿಗೆ ಏನು ಮಾಡಬೇಕು’ ಎಂಬ ಪ್ರಶ್ನೆಗೆ, ಆ ಕಚ್ಚುವಿಕೆ ಮಗುವಿಗೆ ಏನನ್ನು ಗಳಿಸಿಕೊಡುತ್ತಿದೆ ಎಂದು ತಿಳಿಯುವವರೆಗೆ, ಉತ್ತರವೇ ಇಲ್ಲ. ಪಾಲಕರ ಸಭೆಗಳಲ್ಲಿ ಈ ಮಾತು ಹೇಳಿದಾಗ ಮುಖಗಳು ಬಾಡುತ್ತವೆ; ಔಷಧಿಯ ಹೆಸರು ಕೇಳಲು ಬಂದವರಿಗೆ ನೋಟ್‌ಬುಕ್ ಕೊಟ್ಟು ಕಳಿಸಿದರೆ ಹಾಗಾಗುವುದು ಸಹಜವೇ.

ವಸ್ತುವಿಗಾಗಿ ನಡೆಯುವ ರಂಪಾಟದ ಲೆಕ್ಕಾಚಾರವನ್ನು ಮೊಬೈಲಿನ ಉದಾಹರಣೆಯಿಂದ ನೋಡಬಹುದು. ಮಗು ಮೊಬೈಲು ಕೇಳುತ್ತದೆ, ಅವ್ವ ಕೊಡುವುದಿಲ್ಲ, ಅಳುತ್ತದೆ, ಕೊಡುವುದಿಲ್ಲ, ನೆಲಕ್ಕೆ ತಲೆ ಬಡಿಯಲು ಶುರುಮಾಡಿದಾಗ ಪಡಸಾಲೆಯಲ್ಲಿ ಬೀಗರು ಕುಳಿತಿದ್ದಾರೆ, ಅಜ್ಜಿ “ಕೊಡವ್ವಾ, ಕೂಸು ತಲಿ ಒಡಕೊಂಡೀತು” ಎನ್ನುತ್ತಾರೆ, ಮೊಬೈಲು ಕೈಗೆ ಬರುತ್ತದೆ. ಇಲ್ಲಿ ಯಾರದೂ ತಪ್ಪಿಲ್ಲ, ಎಲ್ಲರೂ ಆ ಗಳಿಗೆಗೆ ಸರಿಯಾದದ್ದನ್ನೇ ಮಾಡಿದ್ದಾರೆ. ಆದರೆ ಮಗು ಕಲಿತ ಪಾಠ, ಕೇಳಿದರೆ ಸಿಗುವುದಿಲ್ಲ, ಅತ್ತರೆ ಸಿಗುವುದಿಲ್ಲ, ತಲೆ ಬಡಿದರೆ ಸಿಗುತ್ತದೆ ಎಂಬುದು. ಐದು ಸಲಕ್ಕೊಮ್ಮೆ ಮಾತ್ರ ಮಣಿದರೆ ಪರಿಣಾಮ ಇನ್ನೂ ಗಟ್ಟಿ, ಏಕೆಂದರೆ ಎಂದೋ ಒಮ್ಮೆ ಫಲ ಕೊಡುವ ಪ್ರಯತ್ನವನ್ನು ಯಾವ ಪ್ರಾಣಿಯೂ ಬೇಗ ಬಿಡುವುದಿಲ್ಲ. ಇನ್ನು ಮುಂದೆ ಕೊಡುವುದೇ ಇಲ್ಲವೆಂದು ಮನೆಯವರು ನಿರ್ಧರಿಸಿದ ಮೊದಲ ದಿನಗಳಲ್ಲಿ ವರ್ತನೆ ಇಳಿಯುವ ಬದಲು ಭಯಂಕರವಾಗಿ ಏರುತ್ತದೆ. ಇದನ್ನು ಮುಂಚಿತವಾಗಿ ತಿಳಿಸದೇ ಹೋದರೆ ಮೂರನೆಯ ದಿನ ಮನೆಯವರು ಸೋತು ಮಣಿಯುತ್ತಾರೆ, ಮಗು ಹಿಂದಿಗಿಂತ ಜೋರಾಗಿ ಬಡಿಯಬೇಕೆಂದು ಕಲಿಯುತ್ತದೆ. ತನಗೆ ತಾನೇ ಪೆಟ್ಟು ಮಾಡಿಕೊಳ್ಳುವ ಮಗುವಿನ ವಿಷಯದಲ್ಲಂತೂ ‘ನೋಡಿಯೂ ನೋಡದಂತೆ ಇರಿ’ ಎಂಬ ಸಲಹೆಯನ್ನು ಮನೆಯಲ್ಲೇ ಒಬ್ಬರೇ ಪ್ರಯೋಗಿಸಬಾರದು. ತಲೆಯ ಕೆಳಗೆ ದಿಂಬು ಇಡುವುದು ಮಣಿದಂತೆ ಅಲ್ಲ.

ವರ್ತನೆಯನ್ನು ನಿಲ್ಲಿಸುವುದಕ್ಕಿಂತ ಅದರ ಕೆಲಸವನ್ನು ಮಾಡಿಕೊಡುವ ಬೇರೊಂದು ದಾರಿಯನ್ನು ಕಲಿಸುವುದು ಹೆಚ್ಚು ಫಲಕಾರಿ ಎಂದು 1985ರಲ್ಲಿ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡುರಾಂಡ್ ಎಂಬ ಮನೋವಿಜ್ಞಾನಿಗಳು ತೋರಿಸಿದರು. ಕೆಲಸ ಕಷ್ಟವಾದಾಗ ಗಲಾಟೆ ಮಾಡುತ್ತಿದ್ದ ಮಕ್ಕಳಿಗೆ ‘ನನಗೆ ತಿಳಿಯಲಿಲ್ಲ’ ಎಂದು ಹೇಳಿ ಸಹಾಯ ಪಡೆಯುವುದನ್ನು, ಗಮನ ಸಿಗದಾಗ ಗಲಾಟೆ ಮಾಡುತ್ತಿದ್ದವರಿಗೆ ‘ನಾನು ಸರಿಯಾಗಿ ಮಾಡುತ್ತಿದ್ದೇನೆಯೇ’ ಎಂದು ಕೇಳುವುದನ್ನು ಅವರು ಕಲಿಸಿದರು, ಗಲಾಟೆ ಇಳಿಯಿತು. ಈ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದೆನಿಸುವುದು ಅದರ ಇನ್ನೊಂದು ಅರ್ಧ: ಮಗುವಿನ ಅಗತ್ಯಕ್ಕೆ ಹೊಂದದ ಮಾತನ್ನು ಕಲಿಸಿದಾಗ ಗಲಾಟೆ ಇಳಿಯಲಿಲ್ಲ. ಮಾತು ಬಂದರೆ ಎಲ್ಲ ಸರಿಹೋಗುತ್ತದೆಂದು ನಂಬಿ, ಹಣ್ಣಿನ ಹೆಸರು, ಬಣ್ಣದ ಹೆಸರು, ಪ್ರಾಣಿಗಳ ಹೆಸರುಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿಸುವ ಪಾಲಕರು ನಮ್ಮಲ್ಲಿ ಅನೇಕರಿದ್ದಾರೆ. ‘ಹಾತಿ’ ‘ಘೋಡಾ’ ಗೊತ್ತಿರುವ ಮಗುವಿಗೆ ‘ಸಾಕು’, ‘ಬ್ಯಾಡ’, ‘ನೋಯ್ತತಿ’, ‘ಹೊರಗ ಹೋಗೂಣು’ ಎಂಬ ನಾಲ್ಕು ಮಾತು ಗೊತ್ತಿಲ್ಲದಿದ್ದರೆ ಅದರ ಕಚ್ಚುವಿಕೆ ಕಡಿಮೆಯಾಗಲು ಕಾರಣವೇ ಇಲ್ಲ. ಅದು ಬಾಯಿಮಾತೇ ಆಗಬೇಕೆಂದಿಲ್ಲ. ಚಿತ್ರದ ಚೀಟಿ, ಕೈಸನ್ನೆ, ಟ್ಯಾಬಿನ ಗುಂಡಿ, ಯಾವುದೂ ಆದೀತು. ಚಿತ್ರ ಕೊಟ್ಟರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯಕ್ಕೆ ಆಧಾರವಿಲ್ಲ.

ಹೊಸ ದಾರಿ ಹಳೆಯದಕ್ಕಿಂತ ಸುಲಭವೂ ತ್ವರಿತವೂ ಆಗಿರಬೇಕೆಂಬುದು ಇದರ ಗುಟ್ಟು. ತಟ್ಟೆಯ ಸದ್ದಿಗೆ ಕಚ್ಚುತ್ತಿದ್ದ ಹುಡುಗನಿಗೆ ನಾವು ಮಾಡಿಕೊಟ್ಟದ್ದು ಒಂದು ಬೆಂಕಿಪೊಟ್ಟಣದಷ್ಟು ಅಗಲದ ರಟ್ಟಿನ ಚೀಟಿ. ಅದರ ಮೇಲೆ ಹೆಡ್‌ಮಾಸ್ತರ ಕೋಣೆಯ ಬಾಗಿಲಿನ ಫೋಟೋ, ಮೇಲೆ ಪಾರದರ್ಶಕ ಟೇಪು, ತುದಿಗೆ ಒಂದು ದಾರ. ಬುಟ್ಟಿ ಎಳೆಯುವುದಕ್ಕೆ ಐದು ನಿಮಿಷ ಮುಂಚೆ ಒಬ್ಬರು ಅವನ ಹಿಂದೆ ನಿಂತು, ಚೀಟಿಯನ್ನು ಎತ್ತಿ ಶಿಕ್ಷಕಿಯ ಕೈಗೆ ಕೊಡಲು ಅವನ ಕೈಗೆ ಆಸರೆ ಕೊಡುತ್ತಿದ್ದರು. ಚೀಟಿ ಕೈಗೆ ಬಿದ್ದ ತಕ್ಷಣ ಶಿಕ್ಷಕಿ “ಹೋಗೂಣಲಾ” ಎಂದು ಹೇಳಿ ಕಳಿಸುತ್ತಿದ್ದರು. ‘ಈ ಸಾಲು ಬರದು ಮುಗಿಸಿ ಹೋಗು’ ಎಂದು ಒಂದು ದಿನವೂ ತಡೆಯಬಾರದು, ಏಕೆಂದರೆ ಕಚ್ಚಿದರೆ ಅರ್ಧ ನಿಮಿಷದಲ್ಲಿ ಸಿಗುವ ಬಿಡುಗಡೆ ಚೀಟಿ ಕೊಟ್ಟರೆ ಐದು ನಿಮಿಷಕ್ಕೆ ಸಿಗುವುದಾದರೆ ಅವನು ಯಾವುದನ್ನು ಆರಿಸಿಕೊಂಡಾನು? ಅದರ ಜೊತೆಗೆ, ಬುಟ್ಟಿಯ ತಳಕ್ಕೆ ಹಳೆಯ ಗೋಣಿಚೀಲ ಹಾಸಿ ಎಳೆಯುವುದೆಂದು ಅಡುಗೆಯವರೊಂದಿಗೆ ಗೊತ್ತುಮಾಡಿಕೊಂಡೆವು. ಇಡೀ ಯೋಜನೆಯಲ್ಲಿ ಖರ್ಚಿಲ್ಲದ, ಬುದ್ಧಿ ಬೇಡದ ಕೆಲಸ ಅದು, ಮತ್ತು ಅದು ಯಾರಿಗೂ ಮೊದಲು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಹೇಳಿದವರು ಅಡುಗೆಯ ಅಕ್ಕನೇ.

ಎಲ್ಲ ಸ್ಫೋಟಗಳೂ ಏನನ್ನಾದರೂ ಪಡೆಯುವ ದಾರಿಯಲ್ಲ. ಮಗು ತಡೆದುಕೊಳ್ಳುವ ಮಿತಿ ಮೀರಿದಾಗ ಆಗುವ ಕುಸಿತಕ್ಕೆ ಈಗ ‘ಮೆಲ್ಟ್‌ಡೌನ್’ ಎಂಬ ಮಾತು ನಮ್ಮ ಪಾಲಕರ ನಡುವೆಯೂ ಬಳಕೆಗೆ ಬಂದಿದೆ. ವಸ್ತುವಿಗಾಗಿ ಅಳುವ ಮಗು ನಡುನಡುವೆ ನಮ್ಮ ಮುಖ ನೋಡುತ್ತದೆ, ವಸ್ತು ಸಿಕ್ಕೊಡನೆ ನಿಲ್ಲುತ್ತದೆ. ಮೆಲ್ಟ್‌ಡೌನಿನಲ್ಲಿರುವ ಮಗುವಿಗೆ ಯಾರು ನೋಡುತ್ತಿದ್ದಾರೆಂಬ ಪರಿವೆ ಇರುವುದಿಲ್ಲ, ಕೇಳಿದ್ದೆಲ್ಲ ಕೊಟ್ಟರೂ ಅದು ನಿಲ್ಲುವುದಿಲ್ಲ. ಹುಬ್ಬಳ್ಳಿಯ ಹೋಳಿ ಹುಣ್ಣಿಮೆಯಿಂದ ರಂಗಪಂಚಮಿಯವರೆಗಿನ ದಿನಗಳು ಇದಕ್ಕೆ ಸಾಕ್ಷಿ. ಓಣಿ ಓಣಿಯಲ್ಲಿ ಹಲಗಿ ಬಾರಿಸುವ ಆ ಹುರುಪು ಈ ಊರಿನ ಜೀವಾಳ, ಅದನ್ನು ನಿಲ್ಲಿಸಿರೆಂದು ಹೇಳುವ ಮನಸ್ಸು ನನಗಿಲ್ಲ. ಆದರೆ ಅದೇ ದಿನಗಳಲ್ಲಿ ಮಂಚದ ಕೆಳಗೆ ಸೇರಿ ಕೈ ಕಚ್ಚಿಕೊಳ್ಳುವ ಹನ್ನೊಂದು ವರ್ಷದ ಹುಡುಗಿಯನ್ನೂ ನೋಡಿದ್ದೇನೆ. ಅವಳ ಮನೆಯವರು ಈಗ ಹುಣ್ಣಿಮೆಯ ಹಿಂದಿನ ದಿನವೇ ಕುಂದಗೋಳದ ಕಡೆಯ ಹೊಲದ ಮನೆಗೆ ಹೋಗಿ, ಪಂಚಮಿ ಮುಗಿಸಿಕೊಂಡೇ ಮರಳುತ್ತಾರೆ. ಮೊದಲ ವರ್ಷ ಬಂಧುಗಳು “ಲಾಡ ಮಾಡಿ ಕೆಡಸಾಕತ್ತೀರಿ” ಎಂದು ಆಡಿಕೊಂಡರಂತೆ.

ಮೆಲ್ಟ್‌ಡೌನ್ ಆರಂಭವಾದ ಮೇಲೆ ಕಲಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಬುದ್ಧಿಮಾತು, ಪ್ರಶ್ನೆ, ‘ಸಾರಿ ಅನ್ನು’ ಎಂಬ ಒತ್ತಾಯ, ಇವೆಲ್ಲ ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ. ಸುತ್ತ ನೆರೆದವರನ್ನು ಚದುರಿಸುವುದು, ಫ್ಯಾನು ಟೀವಿ ನಿಲ್ಲಿಸುವುದು, ಚೂಪಾದ ಗಡಸು ವಸ್ತುಗಳನ್ನು ಸರಿಸುವುದು, ಒಂದೆರಡು ಮಾತಿಗಿಂತ ಹೆಚ್ಚು ಆಡದೆ ಸ್ವಲ್ಪ ದೂರದಲ್ಲಿ ಕೂಡ್ರುವುದು, ಇಷ್ಟೇ ನಮ್ಮ ಕೆಲಸ. ಕಲಿಸುವ ಸಮಯ ಇರುವುದು ಅದಕ್ಕೂ ಮುಂಚೆ, ಶಾಂತವಾದ ದಿನಗಳಲ್ಲಿ. ಮುಂದೇನು ನಡೆಯುತ್ತದೆಂದು ತಿಳಿಯದಿರುವುದೇ ಅನೇಕ ಮಕ್ಕಳಿಗೆ ದೊಡ್ಡ ಹೊರೆ. ದಿನವೂ ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಥೆರಪಿಗೆ ಬರುವ ಮಗುವನ್ನು ಒಂದು ದಿನ ಹೇಳದೆ ಕೇಳದೆ ಟೆಂಪೋ ಹತ್ತಿಸಿದರೆ ಅದು ನಿಲ್ದಾಣದಲ್ಲೇ ಮಲಗಿಬಿಡಬಹುದು. ಹಿಂದಿನ ರಾತ್ರಿಯೇ ಟೆಂಪೋದ ಚಿತ್ರ ತೋರಿಸಿ, ಬೆಳಿಗ್ಗೆ ಮತ್ತೊಮ್ಮೆ ತೋರಿಸಿದರೆ ಅರ್ಧ ಕೆಲಸ ಆದಂತೆ. ದಿನಚರಿಯನ್ನು ಚಿತ್ರಗಳ ಸಾಲಾಗಿ ಗೋಡೆಗೆ ಅಂಟಿಸುವ ಪದ್ಧತಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ 1972ರಲ್ಲಿ ಎರಿಕ್ ಶಾಪ್ಲರ್ ಅವರ ನೇತೃತ್ವದಲ್ಲಿ ನೆಲೆಗೊಂಡ ಟೀಚ್ ಕಾರ್ಯಕ್ರಮದಿಂದ ಪ್ರಸಿದ್ಧವಾಯಿತು. ನಮ್ಮಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯೇ ಅದಕ್ಕೆ ಸಾಕಾಗುತ್ತದೆ.

ಇದ್ದಕ್ಕಿದ್ದಂತೆ ಹೊಸದಾಗಿ ಶುರುವಾದ ವರ್ತನೆಯ ಹಿಂದೆ ಮೊದಲು ಹುಡುಕಬೇಕಾದದ್ದು ನೋವನ್ನು. ಒಂದು ತಿಂಗಳಿಂದ ಎಡಗೆನ್ನೆಗೆ ತಾನೇ ಹೊಡೆದುಕೊಳ್ಳುತ್ತಿದ್ದ ಹುಡುಗಿಯ ಬಗ್ಗೆ ನಾನು ಹತ್ತು ದಿನ ಕಾಲಮ್ಮು ತುಂಬಿಸುತ್ತ, ಗಮನಕ್ಕಾಗಿಯೋ ಪಾರಾಗುವುದಕ್ಕಾಗಿಯೋ ಎಂದು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಹಲ್ಲಿನ ಡಾಕ್ಟರು ಎಡಗಡೆಯ ದವಡೆಹಲ್ಲು ಒಳಗೇ ಹುಳುಕಾಗಿ ಕೀವು ತುಂಬಿರುವುದನ್ನು ತೋರಿಸಿದಾಗ, ಮಗು ಬೆರಳಿಟ್ಟು ತೋರಿಸಿದ್ದ ಜಾಗವನ್ನೇ ನಾನು ಓದದೆ ಹೋದೆನೆಂದು ನಾಚಿಕೆಯಾಯಿತು. ಹಲ್ಲು, ಕಿವಿ, ಮಲಬದ್ಧತೆ, ಹೊಟ್ಟೆಯ ಉರಿ, ತಲೆನೋವು, ಮುಟ್ಟಿನ ದಿನಗಳ ಸಂಕಟ ಇವನ್ನು ತಳ್ಳಿಹಾಕುವವರೆಗೆ ಬೇರೆ ವಿಶ್ಲೇಷಣೆಗೆ ಕೈಹಾಕಬಾರದು. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು, ಮತ್ತು ಹರೆಯದ ವಯಸ್ಸಿನಲ್ಲಿ ಅದು ಮೊದಲ ಸಲ ಕಾಣಿಸಿಕೊಳ್ಳುವುದುಂಟು ಎಂಬುದನ್ನೂ ಮರೆಯಬಾರದು.

ಔಷಧಿಯ ವಿಷಯ ಬಂದೇ ಬರುತ್ತದೆ. ಆಟಿಸಂ ಅನ್ನೇ ವಾಸಿಮಾಡುವ ಔಷಧಿ ಇಲ್ಲ. ತೀವ್ರವಾದ ಕೆರಳುವಿಕೆ ಮತ್ತು ಆಕ್ರಮಣಶೀಲತೆಗೆ ಅಮೆರಿಕದ ಔಷಧ ಪ್ರಾಧಿಕಾರ 2006ರಲ್ಲಿ ರಿಸ್ಪೆರಿಡೋನ್, 2009ರಲ್ಲಿ ಅರಿಪಿಪ್ರಜೋಲ್ ಬಳಕೆಗೆ ಒಪ್ಪಿಗೆ ಕೊಟ್ಟಿತು. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗಳ ಮನೋವೈದ್ಯರು ಅಗತ್ಯವೆನಿಸಿದಾಗ ಇಂಥವನ್ನು ಬರೆದುಕೊಡಬಹುದು. ಹಸಿವು ಮತ್ತು ತೂಕ ಏರುವುದು ಇವುಗಳ ಪ್ರಮುಖ ಅಡ್ಡಪರಿಣಾಮವಾದ್ದರಿಂದ ನಿಯಮಿತ ತಪಾಸಣೆ ಬೇಕು. ಕೆಲವು ಮಕ್ಕಳಿಗೆ ಔಷಧಿಯಿಂದಲೇ ಕಲಿಯುವಷ್ಟು ನೆಮ್ಮದಿ ಸಿಕ್ಕಿದ್ದನ್ನು ಕಂಡಿದ್ದೇನೆ. ತಟ್ಟೆಯ ಸದ್ದಿಗೆ ಮಾತ್ರ ಮಾತ್ರೆಯಿಂದ ಪರಿಹಾರ ಹುಡುಕಬಾರದು.

ಯಾವುದನ್ನು ಬದಲಿಸಬೇಕು ಎನ್ನುವುದಕ್ಕಿಂತ ಯಾವುದನ್ನು ಮುಟ್ಟಬಾರದು ಎಂಬುದು ನನಗೆ ತಡವಾಗಿ ತಿಳಿಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಾನಿದ್ದ ಶಾಲೆಯಲ್ಲಿ ‘ಕೈ ಕೆಳಗೆ’ ಎಂಬ ಆಜ್ಞೆಗೆ ಬಹಳ ಮಹತ್ವವಿತ್ತು. ಕೈ ಬಡಿಯುವ ಮಕ್ಕಳ ಕೈಗಳನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನೋಡಲು ಹಚ್ಚುತ್ತಿದ್ದೆವು. ಸಂತೋಷಕ್ಕೋ ಆತಂಕಕ್ಕೋ ಕೈ ಬಡಿಯುವುದು, ತೂಗಾಡುವುದು ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳುವ ಕ್ರಮವೆಂದೂ, ಅದನ್ನು ಬಲವಂತವಾಗಿ ನಿಲ್ಲಿಸಿದ್ದು ತಮಗೆ ಹಿಂಸೆಯಾಗಿತ್ತೆಂದೂ ಆಟಿಸಂ ಇರುವ ವಯಸ್ಕರು ಈಗ ತಾವೇ ಬರೆದು ಹೇಳುತ್ತಿದ್ದಾರೆ. ಯಾರಿಗೂ ಪೆಟ್ಟಾಗದ, ಕಲಿಕೆಗೆ ಅಡ್ಡಿಯಾಗದ ವರ್ತನೆ ನೋಡುವವರಿಗೆ ವಿಚಿತ್ರವೆನಿಸಿದ ಮಾತ್ರಕ್ಕೆ ಸವಾಲಿನ ವರ್ತನೆ ಆಗುವುದಿಲ್ಲ. ನಾವು ಕೈ ಒತ್ತಿ ಹಿಡಿದ ಮಕ್ಕಳಲ್ಲಿ ಕೆಲವರು ಆಮೇಲೆ ಕಚ್ಚಲು ಕಲಿತರು, ಅದನ್ನೂ ಅಂದು ಹಠವೆಂದೇ ಬರೆದಿಟ್ಟೆವು.

ಕಾನೂನಿನ ಮಾತು ಚಿಕ್ಕದಾಗಿ. 1995ರ ಅಂಗವಿಕಲರ ಕಾಯ್ದೆಯ ಏಳು ವರ್ಗಗಳಲ್ಲಿ ಆಟಿಸಂ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಅದನ್ನು ಒಳಗೊಂಡಿತು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವರ್ಗಗಳಲ್ಲಿ ಅದು ಸೇರಿತು. ಶೇ 40ರಷ್ಟು ಅಥವಾ ಹೆಚ್ಚಿನ ಪ್ರಮಾಣದ ಅಂಗವೈಕಲ್ಯದ ದೃಢೀಕರಣವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ ಉಚಿತ ಶಿಕ್ಷಣದ ಹಕ್ಕಿದೆ. ಪ್ರಮಾಣ ಅಳೆಯಲು ಬಳಸುವ ಐಎಸ್‌ಎಎ ಎಂಬ ಭಾರತೀಯ ಮಾಪಕದಲ್ಲಿ 40 ಅಂಶಗಳಿವೆ. ಅಂಗವಿಕಲರಿಗೆ ಸರಕಾರ ಕೊಡುವ ಯುಡಿಐಡಿ ಗುರುತಿನ ಕಾರ್ಡಿಗೆ ಆ ಅಂಕಿ ಬೇಕು, ಆದರೆ ಮಗು ಯಾವಾಗ ಏಕೆ ಕಚ್ಚುತ್ತದೆಂದು ಅದು ಹೇಳಲಾರದು. ಮಗುವಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ನಿಷೇಧಿಸಿದೆ, ಇದು ಆಟಿಸಂ ಇರುವ ಮಗುವಿಗೂ ಅಷ್ಟೇ ಅನ್ವಯ. ವಿಶೇಷ ಶಿಕ್ಷಕರ ಅನುಪಾತ ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ 10 ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ. ಸದ್ಯಕ್ಕೆ ಸರಕಾರಿ ಶಾಲೆಯ ಪಾಲಕರು ತಾಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಾದ ಬಿಐಇಆರ್‌ಟಿ ಯಾರೆಂದು ಕೇಳಿ, ಅವರು ಶಾಲೆಗೆ ಬರುವ ದಿನವನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಹೋಗುವಾಗ ಎರಡು ವಾರದ ನೋಟ್‌ಬುಕ್ ಕೈಯಲ್ಲಿದ್ದರೆ ಅವರ ಒಂದು ತಾಸಿನ ಭೇಟಿ ಮೂರು ತಾಸಿನಷ್ಟು ಉಪಯೋಗಕ್ಕೆ ಬರುತ್ತದೆ.

ತಟ್ಟೆಯ ಸದ್ದಿನ ಹುಡುಗ ಐದನೆಯ ವಾರದ ಹೊತ್ತಿಗೆ ಯಾರ ಆಸರೆಯೂ ಇಲ್ಲದೆ ಚೀಟಿ ಕೊಡತೊಡಗಿದ. ಆರನೆಯ ವಾರದಲ್ಲಿ ಶಿಕ್ಷಕಿಯಿಂದ ಫೋನು ಬಂತು: “ಈಗ ಲೆಕ್ಕದ ಪಿರಿಯಡ್‌ನ್ಯಾಗೂ ಚೀಟಿ ಕೊಡಾಕತ್ತಾನ್ರಿ, ಏನ ಮಾಡ್ಲಿ?” ಇನ್ನೆರಡು ವಾರ ಕೇಳಿದಾಗಲೆಲ್ಲ ಕಳಿಸಿರಿ, ಆ ಮೇಲೆ ಚೀಟಿಯನ್ನು ತೆಗೆದುಕೊಂಡು ‘ಒಂದು ಲೆಕ್ಕ, ಆಮೇಲೆ ಹೋಗೂಣು’ ಎಂದು ಒಂದೇ ಲೆಕ್ಕ ಮಾಡಿಸಿರಿ, ಅದು ಹಿಡಿಸಿದ ಮೇಲೆ ಎರಡು ಮಾಡಿಸಿರಿ ಎಂದು ಹೇಳಿದೆ. ಹಾಗಿದ್ದರೆ ಆ ಲೆಕ್ಕಗಳು ಅವನಿಗೆ ಕಷ್ಟವಾಗುತ್ತಿವೆಯೋ ಏನೋ, ಮೊದಲು ಅದನ್ನೇ ನೋಡಬೇಕಲ್ಲವೇ ಎಂದು ಅವರೇ ಕೇಳಿದರು, ಮತ್ತು ನೋಟ್‌ಬುಕ್ಕಿನಲ್ಲಿ ಹಾಳೆಗಳು ಮುಗಿದಿವೆ, ಹೊಸದನ್ನು ಶುರುಮಾಡಿದ್ದೇನೆ ಎಂದರು.